ಮಹಾಕಾಯ ನಾಯಿಮರಿಯ ಆಹಾರ ವಿಹಾರ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಲ್ಪಟ್ಟಿರುವ ವೀರಗಲ್ಲನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಕ್ರಿ. ಶ. ೯೪೯-೫೦ರ ಕಾಲದ ಆ ಕಲ್ಲು, ಮಣಲೇರನೆಂಬ ವೀರನು ಗಂಗರ ಬೂತುಗನಿಂದ ಬೇಡಿ ಪಡೆದ ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಮಡಿದ ಸಂಗತಿಯನ್ನು ಹೇಳುತ್ತದೆ. ಕಾಳಿಗೆ ಏನನ್ನು ಉಣಿಸುತ್ತಿದ್ದರೆಂಬುದನ್ನು ಶಾಸನಕಾರನು ಬರೆದಿಲ್ಲ. ಬರೆಯುವ ಅಗತ್ಯವೂ ಅವನಿಗೆ ತೋರಿರಲಾರದು. ನಮ್ಮ ನಾಡಿನ ನಾಯಿಗಳು ಹದವಾದ ಮೈಯವು; ಮನೆಯವರು ಉಂಡು ಉಳಿದುದನ್ನು ತಿಂದು, ಬಯಲಿನಲ್ಲಿ ಓಡಾಡಿ, ನೆಟ್ಟಗಿನ ಕಾಲುಗಳೊಡನೆ ಬೆಳೆದು ಬಂದವು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ಮನೆಗಳಿಗೆ ಬೇರೆಯ ಪ್ರಮಾಣದ ಅತಿಥಿಗಳು ಬರುತ್ತಿವೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ಮಾಸ್ಟಿಫ್ ಮೊದಲಾದ ಈ ಮಹಾಕಾಯ ಜಾತಿಗಳನ್ನು ಊರ ನಾಯಿಯ ಲೆಕ್ಕದಲ್ಲಿ ಸಾಕಹೊರಟರೆ ಆಗುವ ಅನರ್ಥವನ್ನು ನಾವು ನಮ್ಮ ಮನೆಯಲ್ಲಿಯೇ ಕಂಡೆವು. ಅದನ್ನು ಮರೆಮಾಚದೆ ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮಲ್ಲಿಗೆ ಬಂದುದು ಗ್ರೇಟ್ ಡೇನ್. ಹೆಸರನ್ನು ಕೇಳಿ ಇದು ಡೆನ್ಮಾರ್ಕ್ ದೇಶದ ನಾಯಿಯೆಂದು ತಿಳಿಯುವವರೇ ಬಹಳ. ವಾಸ್ತವವಾಗಿ ಇದನ್ನು ಈಗಿನ ರೂಪಕ್ಕೆ ತಂದವರು ಜರ್ಮನರು. ಕಾಡುಹಂದಿಯನ್ನು ಹಿಡಿದು ನಿಲ್ಲಿಸುವುದಕ್ಕಾಗಿ ಅಲ್ಲಿನ ಪ್ರಭುಗಳು ಸಾಕುತ್ತಿದ್ದ ನಾಯಿಗಳ ಸಂತತಿ ಇದು. ಆತಕೂರಿನ ಕಾಳಿಯ ಕಸುಬೇ ಇದರ ಪೂರ್ವಿಕರ ಕಸುಬೂ ಆಗಿದ್ದುದು ನಮಗೆ ಸೋಜಿಗವೆನಿಸಿತು. ಈಗ ಹಂದಿಯೂ ಇಲ್ಲ, ಬೇಟೆಯೂ ಇಲ್ಲ. ಮೈಯಳತೆ ಮಾತ್ರ ಉಳಿದಿದೆ. ೨೦೧೧ರಲ್ಲಿ ಅಳೆಯಲ್ಪಟ್ಟ ಅಮೆರಿಕದ ಜ್ಯೂಸ್ ಎಂಬ ಗ್ರೇಟ್ ಡೇನ್ ನಾಲ್ಕು ಕಾಲುಗಳ ಮೇಲೆ ನಿಂತಾಗಲೇ ಭುಜದವರೆಗೆ ೧೧೧.೮ ಸೆಂಟಿಮೀಟರ್ ಎತ್ತರವಿದ್ದಿತು. ನಮ್ಮ ಊಟದ ಮೇಜಿನ ಎತ್ತರ ಎಪ್ಪತ್ತೈದು ಸೆಂಟಿಮೀಟರ್ ಎಂಬುದನ್ನು ಗೃಹಿಣಿಯರು ಗಮನಿಸಬೇಕು.

ನಮ್ಮ ಮೊದಲನೆಯ ಮರಿಗೆ ಭೀಮನೆಂದು ಹೆಸರಿಟ್ಟೆವು. ಹೆಸರಿಗೆ ತಕ್ಕಂತೆ ಬೆಳೆಸಬೇಕೆಂಬ ಹಟವೂ ನಮಗಿದ್ದಿತು. ಮರಿಯನ್ನು ಮಾರಿದವನು, "ದೊಡ್ಡ ಜಾತಿ ಸ್ವಾಮಿ, ಮೂಳೆ ಬಲಿಯಬೇಕಾದರೆ ಸುಣ್ಣದಂಶ ಚೆನ್ನಾಗಿ ಬೀಳಬೇಕು," ಎಂದು ಹೇಳಿ ಕ್ಯಾಲ್ಸಿಯಂ ಟಾನಿಕ್ಕಿನ ಎರಡು ಸೀಸೆಗಳನ್ನು ಕೈಗಿತ್ತನು. ಅಂಗಡಿಯವನು ಅದಕ್ಕೆ ಮೂಳೆಯ ಪುಡಿಯ ಒಂದು ಡಬ್ಬಿಯನ್ನು ಸೇರಿಸಿದನು. ನೆರೆಯವರೊಬ್ಬರು ಮೀನೆಣ್ಣೆಯನ್ನು ಸೂಚಿಸಿದರು. ಮರಿಗಳಿಗೆಂದೇ ತಯಾರಿಸಿದ ಒಣ ಆಹಾರವನ್ನು ಬಟ್ಟಲಿನ ತುಂಬ ಸುರಿದು ಹಗಲೆಲ್ಲ ಅದರ ಮುಂದೆ ಇಡುತ್ತಿದ್ದೆವು. ಅದರ ಮೇಲೆ ಹಾಲು, ಬೇಯಿಸಿದ ಮೊಟ್ಟೆ, ರಾತ್ರಿ ರಾಗಿಯ ಮುದ್ದೆ. ಭೀಮನು ಐದನೆಯ ತಿಂಗಳಿಗೆ ನಲವತ್ತು ಕಿಲೋ ತೂಗಿದನು. ಬೀದಿಯಲ್ಲಿ ಹೋಗುವವರು ನಿಂತು ನೋಡಿ ಹೊಗಳುತ್ತಿದ್ದರು, ನಾವು ಹಿಗ್ಗುತ್ತಿದ್ದೆವು.

ಒಂದು ದಿನ ಬೆಳಿಗ್ಗೆ ಅವನು ಏಳಲು ಹಿಂದುಮುಂದು ನೋಡಿದನು. ಮುಂಗಾಲುಗಳ ಮಣಿಕಟ್ಟು ಊದಿಕೊಂಡಿದ್ದಿತು. ಎರಡು ವಾರಗಳಲ್ಲಿ ಕಾಲುಗಳು ಹೊರಕ್ಕೆ ಬಾಗಿ ಪಾದಗಳು ಎಡಬಲಕ್ಕೆ ತಿರುಗಿದವು. ಸುಣ್ಣದಂಶ ಸಾಲದಾಯಿತೆಂದು ತಿಳಿದು ನಾವು ಟಾನಿಕ್ಕನ್ನು ಇಮ್ಮಡಿ ಮಾಡಿದೆವು. ಇದನ್ನು ಬರೆಯುವಾಗ ಈಗಲೂ ನಮಗೆ ನಾಚಿಕೆಯಾಗುತ್ತದೆ. ಕೊನೆಗೆ ಪಶುವೈದ್ಯರು ಎಕ್ಸ್-ರೇ ಚಿತ್ರವನ್ನು ದೀಪಕ್ಕೆ ಹಿಡಿದು ತೋರಿಸಿ, "ನಿಮ್ಮ ನಾಯಿಗೆ ಕೊರತೆಯೇನೂ ಇಲ್ಲ. ನೀವು ಕೊಟ್ಟುದು ಹೆಚ್ಚಾಗಿದೆ," ಎಂದರು. ಟಾನಿಕ್ಕು, ಪುಡಿ, ಮೀನೆಣ್ಣೆ ಎಲ್ಲವೂ ಅಂದೇ ನಿಂತವು. ಊತ ಇಳಿಯಿತು, ನೋವು ಕಡಮೆಯಾಯಿತು; ಆದರೆ ಬಾಗಿದ ಎಲುಬು ಪೂರ್ತಿಯಾಗಿ ನೆಟ್ಟಗಾಗಲಿಲ್ಲ. ಭೀಮನು ತನ್ನ ಆರು ವರ್ಷ ಎಂಟು ತಿಂಗಳ ಜೀವಿತದಲ್ಲಿ ಒಂದು ದಿನವೂ ಕುಂಟದೆ ನಡೆದವನಲ್ಲ.

ಹೆಚ್ಚಾದ ಸುಣ್ಣದಂಶವು ಎಲುಬನ್ನು ಗಟ್ಟಿಮಾಡದೆ ಕೆಡಿಸುವುದು ಹೇಗೆಂಬ ಪ್ರಶ್ನೆ ಸಹಜವಾದುದು. ಮೊದಲು ಬೆಳವಣಿಗೆಯ ಗಣಿತವನ್ನು ನೋಡೋಣ. ಮನುಷ್ಯರ ಕೂಸು ಸುಮಾರು ಮೂರು ಕಿಲೋ ತೂಕದಿಂದ ಹೊರಟು ಅರುವತ್ತು ಕಿಲೋ ತಲಪುವುದಕ್ಕೆ ಹದಿನೆಂಟು ವರ್ಷ ಹಿಡಿಯುತ್ತದೆ. ಎಂದರೆ ಇಪ್ಪತ್ತು ಪಾಲು. ಗ್ರೇಟ್ ಡೇನ್ ಮರಿಯು ಅರ್ಧ ಮುಕ್ಕಾಲು ಕಿಲೋ ತೂಕದಲ್ಲಿ ಹುಟ್ಟಿ ಒಂದೂವರೆ ವರ್ಷದೊಳಗಾಗಿ ಅದೇ ಅರುವತ್ತು ಕಿಲೋಗೆ ಬರುತ್ತದೆ. ಸರಿಸುಮಾರು ನೂರು ಪಾಲು. ಮೂರರಿಂದ ಐದು ತಿಂಗಳ ನಡುವೆ ವಾರಕ್ಕೆ ಒಂದೂವರೆ ಕಿಲೋ ಏರುವುದು ಈ ಜಾತಿಯಲ್ಲಿ ಅಪೂರ್ವವಲ್ಲ. ಇಷ್ಟು ವೇಗದಲ್ಲಿ ಬೆಳೆಯುವ ಎಲುಬು ಮೊದಲು ಮೃದ್ವಸ್ಥಿಯಾಗಿದ್ದು ಬಳಿಕ ಗಟ್ಟಿಯಾಗಬೇಕು; ಗಟ್ಟಿಯಾದುದನ್ನು ದೇಹವೇ ಒಳಗಿನಿಂದ ಕೆತ್ತಿ, ಕರಗಿಸಿ, ಮತ್ತೆ ಕಟ್ಟಿ ಆಕಾರಕ್ಕೆ ತರಬೇಕು. ಕಟ್ಟುವ ಕೆಲಸಕ್ಕೆ ಎಷ್ಟು ಬೆಲೆಯೋ ಕೆಡವುವ ಕೆಲಸಕ್ಕೂ ಅಷ್ಟೇ ಬೆಲೆ.

ಬೆಳೆದ ನಾಯಿಯ ಕರುಳು ತನಗೆ ಬೇಕಾದಷ್ಟು ಸುಣ್ಣದಂಶವನ್ನು ಮಾತ್ರ ಹೀರಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. ಆದರೆ ಆರು ತಿಂಗಳೊಳಗಿನ ಮರಿಯ ಕರುಳಿಗೆ ಈ ಕಾವಲು ಇನ್ನೂ ಬಂದಿರುವುದಿಲ್ಲ. ಎದುರಿಗೆ ಬಂದುದರಲ್ಲಿ ಬಹುಭಾಗವನ್ನು ಅದು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ರಕ್ತದಲ್ಲಿ ಸುಣ್ಣದಂಶವು ಏರಲು, ಅದನ್ನು ತಗ್ಗಿಸುವ ಸ್ರಾವವು ಹೆಚ್ಚಾಗಿ ಹೊರಟು, ಎಲುಬನ್ನು ಕೆತ್ತುವ ಕಣಗಳ ಕೈಯನ್ನು ಕಟ್ಟಿಹಾಕುತ್ತದೆ. ಆಗ ಮೃದ್ವಸ್ಥಿಯು ಕಾಲಕ್ಕೆ ಸರಿಯಾಗಿ ಎಲುಬಾಗದೆ ಅಲ್ಲಲ್ಲಿಯೇ ಉಳಿಯುತ್ತದೆ. ಮುಂಗಾಲಿನಲ್ಲಿ ಜೋಡಿಯಾಗಿರುವ ಎರಡು ಎಲುಬುಗಳಲ್ಲಿ ಒಂದು ಬೆಳೆಯುತ್ತ ಹೋಗಿ ಮತ್ತೊಂದು ಹಿಂದೆ ಬಿದ್ದರೆ, ಬೆಳೆಯುವ ಎಲುಬು ಬಿಲ್ಲಿನಂತೆ ಬಾಗದೆ ಬೇರೆ ದಾರಿಯೇ ಇಲ್ಲ. ಭೀಮನ ಕಾಲಿನಲ್ಲಿ ನಡೆದುದು ಇದೇ.

ಇದು ಕೇವಲ ನಮ್ಮ ವೈದ್ಯರ ಅಭಿಪ್ರಾಯವಲ್ಲ. ೧೯೭೪ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಹೊರಟ ಒಂದು ಸಂಶೋಧನೆಯಲ್ಲಿ ಗ್ರೇಟ್ ಡೇನ್ ಮರಿಗಳನ್ನೇ ತೆಗೆದುಕೊಂಡು, ಕೆಲವಕ್ಕೆ ಬೇಕಾದಷ್ಟು ತಿನ್ನಲು ಬಿಟ್ಟು, ಉಳಿದವಕ್ಕೆ ಅದರ ಮೂರನೆಯ ಎರಡು ಭಾಗದಷ್ಟನ್ನು ಮಾತ್ರ ಕೊಟ್ಟು ಬೆಳೆಸಿದರು. ಎಲುಬು ಕೀಲುಗಳ ರೋಗಗಳು ಎದ್ದು ಕಂಡುದು ಹೊಟ್ಟೆ ತುಂಬ ತಿಂದವುಗಳಲ್ಲಿ. ಮುಂದೆ ೧೯೮೫ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದ ವಿದ್ವಾಂಸರು ಇದೇ ಜಾತಿಯ ಮರಿಗಳಿಗೆ ಸುಣ್ಣದಂಶವನ್ನು ಮಾತ್ರ ಹೆಚ್ಚಿಸಿ ಕೊಟ್ಟು, ಅದೊಂದರಿಂದಲೇ ಎಲುಬಿನ ರಚನೆ ಕೆಡುವುದೆಂದು ತೋರಿಸಿದರು. ಮಾಂಸಸಾರವೇ ಕಾಲು ಬಾಗಲು ಕಾರಣವೆಂಬ ಒಂದು ನಂಬಿಕೆ ನಾಯಿ ಸಾಕುವವರಲ್ಲಿ ಬಹಳ ಕಾಲ ಇದ್ದಿತು, ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಅದೇ ಉಟ್ರೆಕ್ಟಿನಲ್ಲಿ ೧೯೯೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆಹಾರದ ಪ್ರೋಟೀನನ್ನು ನೂರಕ್ಕೆ ಸುಮಾರು ೧೫ರಿಂದ ೩೨ರವರೆಗೆ ಬದಲಿಸಿ ನೋಡಿದಾಗ, ಹೆಚ್ಚು ಪ್ರೋಟೀನಿನಿಂದ ಎಲುಬಿಗೆ ಕೇಡು ಕಂಡುಬರಲಿಲ್ಲ. ದೋಷವು ಸುಣ್ಣದಂಶದ್ದು ಮತ್ತು ಒಟ್ಟು ತಿನಿಸಿನ ಅತಿಯದ್ದು.

ಹಾಗೆಂದು ಸುಣ್ಣದಂಶವನ್ನು ಕಡಿದುಬಿಡುವುದೂ ಸಲ್ಲದು. ಬರಿಯ ಮಾಂಸವನ್ನು ಉಣಿಸಿ ಬೆಳೆಸಿದರೆ ಮರಿಯ ಎಲುಬು ಕಾಗದದಂತೆ ತೆಳ್ಳಗಾಗಿ ತಾನಾಗಿ ಮುರಿಯುತ್ತದೆ. ಏಕೆಂದರೆ ಮಾಂಸದಲ್ಲಿ ರಂಜಕವು ಅಧಿಕ, ಸುಣ್ಣದಂಶವು ಅತ್ಯಲ್ಪ. ದೊಡ್ಡ ಜಾತಿಯ ಮರಿಗಳ ಆಹಾರಕ್ಕೆ ಅಮೆರಿಕದಲ್ಲಿ ಗೊತ್ತುಮಾಡಿರುವ ಕಟ್ಟಳೆಯಂತೆ ಸಾವಿರ ಕಿಲೋಕ್ಯಾಲೊರಿ ಆಹಾರದಲ್ಲಿ ಸುಣ್ಣದಂಶವು ೩ ಗ್ರಾಮಿಗೆ ಕಡಮೆಯಾಗದೆ ೪.೫ ಗ್ರಾಮನ್ನು ಮೀರದೆ ಇರತಕ್ಕದ್ದು. ಈ ಗೆರೆಗಳ ನಡುವಣ ದಾರಿ ಎಷ್ಟು ಕಿರಿದೆಂಬುದು ಇದರಿಂದಲೇ ತಿಳಿಯುತ್ತದೆ. ಚಮಚೆಯ ಅಂದಾಜಿನಲ್ಲಿ ಟಾನಿಕ್ಕು ಹಾಕುವ ಕೈಗೆ ಅದು ಸಿಕ್ಕುವ ದಾರಿಯಲ್ಲ.

ಇಲ್ಲಿ ನಮ್ಮ ಅಡುಗೆಮನೆಗೆ ಸೇರಿದ ಒಂದು ಮಾತು. ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ಮಕ್ಕಳಿಗೆ ರಾಗಿಯ ಸರಿ ಹಿತವೆಂಬುದಕ್ಕೆ ಇದೂ ಒಂದು ಕಾರಣ. ಆದುದರಿಂದ ನಾಯಿಗೂ ಮುದ್ದೆಯಾದರೆ ಸಾಕೆಂದು ಹಲವರು ನಂಬುತ್ತಾರೆ. ಆದರೆ ರಾಗಿಯು ಧಾನ್ಯವೇ ಹೊರತು ಮರಿಯ ಪೂರ್ಣಾಹಾರವಲ್ಲ. ಅದರಲ್ಲಿರುವ ಫೈಟೇಟ್ ಎಂಬ ವಸ್ತುವು ಸುಣ್ಣದಂಶ ಕಬ್ಬಿಣ ಸತುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರಿಗೆ ಬೇಕಾಗುವ ಪ್ರೋಟೀನೂ ಕೊಬ್ಬೂ ಅದರಲ್ಲಿ ಸಾಲದು. ಬಿಸಿಲಿನ ವಿಷಯವೂ ಹೀಗೆಯೇ. ಎಳೆಬಿಸಿಲಿನಲ್ಲಿ ಕೂಸನ್ನು ಮಲಗಿಸುವಂತೆ ಮರಿಯನ್ನು ಮಲಗಿಸಿದರೆ ಡಿ ಜೀವಸತ್ವ ದೊರಕುವುದೆಂದು ನಾವೂ ನಂಬಿದ್ದೆವು. ನಾಯಿಯ ಚರ್ಮವು ಅದನ್ನು ಸಾಕಷ್ಟು ಉಂಟುಮಾಡಲಾರದು. ಅದು ಆಹಾರದಿಂದಲೇ ಬರಬೇಕು, ಮತ್ತು ಅಳತೆಯಲ್ಲಿ ಬರಬೇಕು. ಮೀನೆಣ್ಣೆಯನ್ನು ಚಮಚೆಗಟ್ಟಲೆ ಹೊಯ್ದರೆ ವಿಷವಾಗಿ ಪರಿಣಮಿಸುತ್ತದೆ.

ಭೀಮನು ಹೋದ ಮೇಲೆ ಬಹಳ ವರ್ಷ ನಾವು ನಾಯಿಯನ್ನು ತರಲಿಲ್ಲ. ಆಮೇಲೆ ಬಂದುದು ಗೌರಿ. ಅದೇ ಜಾತಿಯ ಹೆಣ್ಣುಮರಿ. ಈ ಸಲ ತರುವ ಮೊದಲೇ ತಾಯಿಯ ಸೊಂಟದ ಕೀಲಿನ ಎಕ್ಸ್-ರೇಯನ್ನು ಕೇಳಿ ನೋಡಿದೆವು. ಏಕೆಂದರೆ ಸೊಂಟದ ಕೀಲಿನ ದೋಷಕ್ಕೆ ವಂಶವೂ ಕಾರಣ, ಊಟದಿಂದ ಮಾತ್ರ ಅದನ್ನು ತಡೆಯಲಾಗದು. ಲಸಿಕೆ, ಜಂತಿನ ಔಷಧಿ ಮೊದಲಾದವು ಎಲ್ಲ ನಾಯಿಗಳಿಗೂ ಸಮಾನವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಆಹಾರಕ್ಕೆ ಚೀಲದ ಮೇಲೆ ದೊಡ್ಡ ಜಾತಿಯ ಮರಿಗಳ ಬೆಳವಣಿಗೆಗೆ ತಕ್ಕುದೆಂದು ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿದೆವು. ಸಾಮಾನ್ಯ ಮರಿಯ ಆಹಾರದಲ್ಲಿ ಸುಣ್ಣದಂಶವು ಈ ಜಾತಿಗೆ ಮೀರಿರಬಹುದು. ಮನೆಯಲ್ಲಿ ಅಡುಗೆ ಮಾಡಿ ಹಾಕಬೇಕೆಂಬ ಆಸೆಯುಳ್ಳ ಗೃಹಿಣಿಯರಿದ್ದಾರೆ, ಅದು ತಪ್ಪಲ್ಲ. ಆದರೆ ಪಶುವೈದ್ಯರಲ್ಲಿ ಆಹಾರಶಾಸ್ತ್ರವನ್ನು ಬಲ್ಲವರಿಂದ ತೂಕಸಹಿತವಾದ ಪಾಕವಿಧಾನವನ್ನು ಬರೆಯಿಸಿಕೊಂಡು, ಅದರಂತೆ ತೂಗಿ ಮಾಡತಕ್ಕದ್ದು. ಮರಿಯು ಬೆಳೆದಂತೆ ಆ ವಿಧಾನವೂ ಬದಲಾಗಬೇಕು. ನಮ್ಮ ತಾಳ್ಮೆಯನ್ನು ನಾವು ಬಲ್ಲೆವಾಗಿ ಚೀಲದ ಆಹಾರಕ್ಕೇ ಒಪ್ಪಿದೆವು. ಮೂರು ತಿಂಗಳಾಗುವವರೆಗೆ ದಿನಕ್ಕೆ ನಾಲ್ಕು ಹೊತ್ತು, ಆರು ತಿಂಗಳವರೆಗೆ ಮೂರು ಹೊತ್ತು, ಆಮೇಲೆ ಎರಡು ಹೊತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಮಿನ ಲೆಕ್ಕಕ್ಕೆ ತೂಗಿ ಹಾಕುವುದು. ಕಾಲು ಗಂಟೆಯಲ್ಲಿ ತಿನ್ನದೆ ಉಳಿದುದನ್ನು ಎತ್ತಿಬಿಡುವುದು. ಬಟ್ಟಲನ್ನು ತುಂಬಿಡುವ ಪದ್ಧತಿಯನ್ನು ಸರ್ವಥಾ ಬಿಟ್ಟೆವು.

ಎಷ್ಟು ಹಾಕಬೇಕೆಂಬುದನ್ನು ಚೀಲದ ಪಟ್ಟಿಯು ಆರಂಭಕ್ಕೆ ಮಾತ್ರ ಹೇಳಬಲ್ಲುದು. ಉಳಿದುದನ್ನು ಬೆರಳುಗಳು ಹೇಳಬೇಕು. ವಾರಕ್ಕೊಮ್ಮೆ ಮರಿಯ ಪಕ್ಕೆಗಳ ಮೇಲೆ ಅಂಗೈಯನ್ನು ಒತ್ತದೆ ಆಡಿಸಬೇಕು. ಮುಷ್ಟಿ ಹಿಡಿದಾಗ ಗೆಣ್ಣುಗಳು ಕಾಣುವಂತೆ ಪಕ್ಕೆಲುಬುಗಳು ಎದ್ದು ತೋರಿದರೆ ಮರಿಯು ಬಡವಾಗಿದೆ. ಅಂಗೈಯ ಮೆತ್ತನೆಯ ಭಾಗವನ್ನು ಮುಟ್ಟಿದಂತಾಗಿ ಎಲುಬೇ ಸಿಕ್ಕದಿದ್ದರೆ ಮರಿಯು ಕೊಬ್ಬಿದೆ. ಬಿಚ್ಚಿದ ಕೈಯ ಹಿಂಬದಿಯನ್ನು ಸವರಿದಂತೆ, ತೆಳುವಾದ ಹೊದಿಕೆಯ ಕೆಳಗೆ ಒಂದೊಂದು ಎಲುಬೂ ಎಣಿಕೆಗೆ ಸಿಕ್ಕಬೇಕು; ಮೇಲಿನಿಂದ ನೋಡಿದರೆ ಸೊಂಟವು ಕಾಣಬೇಕು. ೨೦೦೨ರಲ್ಲಿ ಪ್ರಕಟವಾದ ಒಂದು ದೀರ್ಘ ಪರೀಕ್ಷೆಯಲ್ಲಿ ನಲವತ್ತೆಂಟು ಲ್ಯಾಬ್ರಡಾರ್ ನಾಯಿಗಳನ್ನು ಜೋಡಿಮಾಡಿ, ಜೋಡಿಯಲ್ಲಿ ಒಂದಕ್ಕೆ ಮತ್ತೊಂದು ತಿಂದುದಕ್ಕಿಂತ ಕಾಲು ಭಾಗ ಕಡಮೆ ಹಾಕುತ್ತ ಅವುಗಳ ಜೀವಮಾನವೆಲ್ಲ ನೋಡಿದರು. ಕಡಮೆ ತಿಂದವು ನಡುಲೆಕ್ಕದಲ್ಲಿ ೧೩ ವರ್ಷ ಬಾಳಿದವು, ಉಳಿದವು ೧೧.೨ ವರ್ಷ. ಕೀಲುನೋವೂ ಅವಕ್ಕೆ ತಡವಾಗಿ ಬಂದಿತು. ಲ್ಯಾಬ್ರಡಾರಿಗಿಂತ ಆಯುಸ್ಸು ಕಡಮೆಯಾದ ಡೇನ್ ನಾಯಿಯ ಒಡೆಯನಿಗೆ ಆ ಎರಡು ವರ್ಷಗಳ ಬೆಲೆ ಎಷ್ಟೆಂಬುದನ್ನು ನಾವು ಬಲ್ಲೆವು. ತಿನಿಸನ್ನು ಹತೋಟಿಯಲ್ಲಿಟ್ಟರೆ ನಾಯಿಯು ಗಿಡ್ಡಾಗುವುದೆಂಬ ಭಯವೂ ಬೇಡ. ಎತ್ತರವು ವಂಶದಿಂದ ಬರುತ್ತದೆ, ನಿಧಾನವಾಗಿಯಾದರೂ ಬಂದೇ ಬರುತ್ತದೆ.

ಈ ನಿಯಮಗಳಿಗೆಲ್ಲ ಮನೆಯಲ್ಲಿ ಇದ್ದ ದೊಡ್ಡ ವಿರೋಧ ನಮ್ಮ ತಾಯಿಯವರದು. "ಪಕ್ಕೆಲುಬು ಕೈಗೆ ಸಿಕ್ಕುತ್ತದಲ್ಲಪ್ಪಾ, ನೋಡಿದವರು ಏನೆಂದಾರು? ಇಷ್ಟು ಜನ ಉಣ್ಣುವ ಮನೆಯಲ್ಲಿ ಒಂದು ಮೂಕಪ್ರಾಣಿಗೆ ತಕ್ಕಡಿ ಹಿಡಿಯುವುದೇ!" ಎಂದು ಅವರು ಕೊರಗುತ್ತಿದ್ದರು. ಗೌರಿಯ ತೂಕವು ಒಂದು ವಾರ ಲೆಕ್ಕ ಮೀರಿ ಏರಿದಾಗ ವಿಚಾರಿಸಲಾಗಿ, ಹಿತ್ತಲಿನಲ್ಲಿ ಪ್ರತಿದಿನ ಮಧ್ಯಾಹ್ನ ತುಪ್ಪ ಹಚ್ಚಿದ ಚಪಾತಿಗಳು ಸಲ್ಲುತ್ತಿದ್ದುದು ಬಯಲಾಯಿತು. ನಾವು ಏನನ್ನೂ ಹೇಳದೆ ಭೀಮನ ಹಳೆಯ ಎಕ್ಸ್-ರೇ ಚಿತ್ರವನ್ನು ತಂದು ಅವರ ಕೈಗೆ ಕೊಟ್ಟೆವು. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಒಪ್ಪಂದವಾಯಿತು: ದಿನದ ಆಹಾರದ ಹತ್ತನೆಯ ಒಂದು ಭಾಗಕ್ಕೆ ಮೀರದಂತೆ ಅವರು ತಮ್ಮ ಇಷ್ಟದುದನ್ನು, ಎಂದರೆ ಒಂದು ಸೌಟು ರಾಗಿಯ ಅಂಬಲಿ, ಬೆಂದ ಕುಂಬಳಕಾಯಿ ಅಥವಾ ಮಜ್ಜಿಗೆಯನ್ನು ಕೊಡಬಹುದು, ಅಷ್ಟನ್ನು ನಾವು ಬಟ್ಟಲಿನಿಂದ ಕಳೆಯುತ್ತೇವೆ. ಈರುಳ್ಳಿ ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟು ಮಾತ್ರ ಎಂದಿಗೂ ಕೂಡದು. ಇವು ನಾಯಿಗೆ ವಿಷ. ಬೆಂದ ಮೂಳೆಯೂ ಕೂಡದು, ಅದು ಸೀಳಿ ಕರುಳಿಗೆ ಚುಚ್ಚುತ್ತದೆ. ಒಪ್ಪಂದವನ್ನು ತಾಯಿಯವರು ನಮಗಿಂತ ಕಟ್ಟುನಿಟ್ಟಾಗಿ ನಡೆಸುತ್ತಿದ್ದಾರೆ.

ಇನ್ನು ವ್ಯಾಯಾಮ. ಮಹಾಕಾಯ ನಾಯಿಗೆ ಮಹಾವ್ಯಾಯಾಮ ಬೇಕೆಂಬುದು ಮತ್ತೊಂದು ಭ್ರಮೆ. ಸ್ಕೂಟರಿನ ಪಕ್ಕದಲ್ಲಿ ಆರು ತಿಂಗಳ ಮರಿಯನ್ನು ಓಡಿಸಿಕೊಂಡು ಹೋಗುವವರನ್ನು ನಾವು ಬೆಳಗಿನ ಹೊತ್ತು ಎಷ್ಟೋ ಸಲ ಕಂಡಿದ್ದೇವೆ. ಕರೆದು ನಿಲ್ಲಿಸಿ ಹೇಳಿಯೂ ಇದ್ದೇವೆ, ಬೈಸಿಕೊಂಡೂ ಇದ್ದೇವೆ. ಎಲುಬಿನ ತುದಿಗಳಲ್ಲಿರುವ ಬೆಳವಣಿಗೆಯ ಪಟ್ಟಿಗಳು ಈ ಜಾತಿಯಲ್ಲಿ ಒಂದೂವರೆ ವರ್ಷದ ಸುಮಾರಿಗೆ ಮುಚ್ಚಿಕೊಳ್ಳುತ್ತವೆ. ಅಲ್ಲಿಯವರೆಗೆ ಕಲ್ಲುಹಾದಿಯ ಮೇಲೆ ಬಲವಂತದ ಓಟ, ಎತ್ತರದಿಂದ ಧುಮುಕಿಸುವುದು, ಚೆಂಡಿಗಾಗಿ ಗಕ್ಕನೆ ತಿರುಗಿಸುವುದು ಸಲ್ಲದು. ಆದರೆ ಮರಿಯನ್ನು ಕಟ್ಟಿಹಾಕುವುದು ಇದಕ್ಕೆ ಪರಿಹಾರವಲ್ಲ. ನಾರ್ವೆ ದೇಶದಲ್ಲಿ ನ್ಯೂಫೌಂಡ್‌ಲೆಂಡ್, ಲಿಯೋನ್‌ಬರ್ಗರ್, ಐರಿಷ್ ವುಲ್ಫ್‌ಹೌಂಡ್, ಲ್ಯಾಬ್ರಡಾರ್ ಮರಿಗಳನ್ನು ಹಿಂಬಾಲಿಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ತಿಂಗಳೊಳಗೆ ಪ್ರತಿದಿನ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ದೋಷವು ಹೆಚ್ಚೆಂದೂ, ಅದೇ ವಯಸ್ಸಿನಲ್ಲಿ ಮೆದುವಾದ ಏರುತಗ್ಗಿನ ನೆಲದಲ್ಲಿ ಸರಪಳಿಯಿಲ್ಲದೆ ಆಡಿದ ಮರಿಗಳಲ್ಲಿ ಕಡಮೆಯೆಂದೂ ಕಂಡುಬಂದಿತು. ಎಂದರೆ ತನ್ನಿಷ್ಟದಂತೆ ಓಡಿ, ದಣಿದಾಗ ತಾನೇ ಮಲಗುವ ಸ್ವಾತಂತ್ರ್ಯವು ಮರಿಗೆ ಬೇಕು.

ನಮ್ಮ ಮನೆಯ ನೆಲ ಹಳೆಯ ಕೆಂಪುಗಾರೆಯದು, ಕನ್ನಡಿಯಂತೆ ಹೊಳೆಯುತ್ತದೆ. ಭೀಮನು ಅದರ ಮೇಲೆ ಎಷ್ಟು ಸಲ ಕಾಲು ಜಾರಿ ಬಿದ್ದನೋ ಲೆಕ್ಕವಿಲ್ಲ; ಆಗ ಮಕ್ಕಳು ನಗುತ್ತಿದ್ದರು. ಗೌರಿ ಬರುವ ಮೊದಲು ನಡುಮನೆಯಿಂದ ಹಿತ್ತಲ ಬಾಗಿಲವರೆಗೆ ನಾರಿನ ಚಾಪೆಗಳನ್ನು ಹಾಸಿ, ಚಾಪೆ ಮುಗಿದಲ್ಲಿ ಗೋಣಿತಾಟು ಹಾಸಿದೆವು. ಮನೆಯು ಮಂಡಿಯಂಗಡಿಯಂತೆ ಕಾಣುತ್ತದೆಂದು ಬಂಧುಗಳು ಹಾಸ್ಯಮಾಡಿದರು. ಮಹಡಿಯ ಮೆಟ್ಟಿಲಿಗೆ ಮರದ ಅಡ್ಡಗಟ್ಟೆ. ಸಂಜೆ ಹತ್ತು ನಿಮಿಷ ಸರಪಳಿಯಲ್ಲಿ ನಿಧಾನವಾದ ನಡಿಗೆ, ಅದು ಶಿಸ್ತಿಗಾಗಿ. ಆರು ತಿಂಗಳಲ್ಲಿ ಮೂವತ್ತೈದು ಕಿಲೋ ತೂಗುವ ಪ್ರಾಣಿಯು ಎಳೆಯುವುದನ್ನು ಕಲಿತುಬಿಟ್ಟರೆ ಮನೆಯ ಹೆಂಗಸರು ಮಕ್ಕಳು ಅದನ್ನು ಹಿಡಿಯಲಾರರು. ಉಳಿದ ಆಟವೆಲ್ಲ ಹಿತ್ತಲಿನ ಹುಲ್ಲಿನ ಮೇಲೆ, ಬಿಸಿಲೇರುವ ಮೊದಲು ಅಥವಾ ಇಳಿದ ಮೇಲೆ. ಬೇಸಗೆಯಲ್ಲಿ ಈ ಭಾರಿ ಮೈಗೆ ಬಿಸಿ ಬೇಗ ಹತ್ತುತ್ತದೆ. ನೀರಿನ ತೊಟ್ಟಿಯು ನೆರಳಿನಲ್ಲಿ ಸದಾ ತುಂಬಿರಬೇಕು.

ಗ್ರೇಟ್ ಡೇನ್ ಸಾಕುವವರು ತಿಳಿದಿರಲೇಬೇಕಾದ ಅಪಾಯವೊಂದು ಉಂಟು: ಜಠರವು ವಾಯುವಿನಿಂದ ಉಬ್ಬಿ ತನ್ನ ಸುತ್ತ ತಾನೇ ತಿರುಚಿಕೊಳ್ಳುವುದು. ಎದೆಗೂಡು ಆಳವಾದ ಜಾತಿಗಳಿಗೆ ಇದು ಸಾಮಾನ್ಯ, ಡೇನ್ ನಾಯಿಗೆ ಎಲ್ಲಕ್ಕಿಂತ ಹೆಚ್ಚು. ಬೆಳೆದ ಮೇಲೆ ಬರುವ ಕಂಟಕವಾದರೂ ಉಣ್ಣುವ ಅಭ್ಯಾಸವು ಮರಿಯಲ್ಲಿಯೇ ರೂಢಿಯಾಗಬೇಕು. ಒಂದೇ ಹೊತ್ತಿಗೆ ಇಡೀ ದಿನದ ಊಟವನ್ನು ಹಾಕುವುದು ಮತ್ತು ಗಬಗಬನೆ ನುಂಗುವುದು ಅಪಾಯವನ್ನು ಹೆಚ್ಚಿಸುತ್ತವೆ. ಎತ್ತರದ ನಾಯಿಯೆಂದು ಬಟ್ಟಲನ್ನು ಮಣೆಯ ಮೇಲೆ ಇಡುವ ಪದ್ಧತಿಯುಂಟು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ನಾಯಿಗಳಿಗೇ ಈ ರೋಗವು ಹೆಚ್ಚಾಗಿ ಬಂದುದು ಕಂಡಿತು. ಗೌರಿಯ ಬಟ್ಟಲು ನೆಲದ ಮೇಲೆಯೇ ಇದೆ. ಬೇಗ ನುಂಗದಂತೆ ಅದರ ನಡುವೆ ಬಾಯಿಗೆ ಹೋಗದಷ್ಟು ದೊಡ್ಡದಾದ ಒಂದು ಗುಂಡುಕಲ್ಲನ್ನು ತೊಳೆದು ಇಟ್ಟಿದ್ದೇವೆ. ಊಟದ ಹಿಂದುಮುಂದಿನ ಒಂದು ಗಂಟೆ ಆಟವಿಲ್ಲ. ನಾಯಿಯು ನಿಂತಲ್ಲಿ ನಿಲ್ಲದೆ ಒದ್ದಾಡುತ್ತ, ಜೊಲ್ಲು ಸುರಿಸುತ್ತ, ಓಕರಿಸಿದರೂ ಏನೂ ಬಾರದೆ, ಹೊಟ್ಟೆಯು ಡೋಲಿನಂತೆ ಬಿಗಿದರೆ, ಓಮದ ನೀರು ಸೋಡಾ ಎಂದು ಮನೆಮದ್ದು ಮಾಡುತ್ತ ಕೂಡಬಾರದು. ಅರ್ಧರಾತ್ರಿಯಾದರೂ ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಇಲ್ಲಿ ಗಂಟೆಗಳ ಲೆಕ್ಕ. ಜಠರವು ತಿರುಗದಂತೆ ಅದನ್ನು ಹೊಟ್ಟೆಯ ಗೋಡೆಗೆ ಹೊಲಿದುಬಿಡುವ ಶಸ್ತ್ರಕ್ರಿಯೆಯೂ ಇದೆ. ಗೌರಿಗೆ ಸಂತಾನಹರಣ ಚಿಕಿತ್ಸೆಯನ್ನು ಬೆಳವಣಿಗೆ ಮುಗಿದ ಮೇಲೆಯೇ ಮಾಡಿಸಿ, ಅದೇ ಹೊತ್ತಿನಲ್ಲಿ ಇದನ್ನೂ ಮಾಡಿಸುವುದೆಂದು ವೈದ್ಯರೊಡನೆ ನಿಶ್ಚಯಿಸಿದ್ದೇವೆ.

ಗೌರಿಗೆ ಈಗ ಹದಿನಾರು ತಿಂಗಳು. ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ಬುಟ್ಟಿಯಿಟ್ಟು ತೂಗಿದೆವು. ಬಳಿಕ ಎತ್ತಿಕೊಂಡು ನಾವೇ ತೂಕದ ಯಂತ್ರದ ಮೇಲೆ ನಿಂತು ನಮ್ಮ ತೂಕವನ್ನು ಕಳೆದೆವು. ನಾಲ್ಕನೆಯ ತಿಂಗಳಿಗೆ ಅದೂ ಕೈಲಾಗದಾಯಿತು. ಅಂದಿನಿಂದ ಭಾನುವಾರದ ಬೆಳಿಗ್ಗೆ ಬೀದಿಯ ಕೊನೆಯ ಹಿಟ್ಟಿನ ಗಿರಣಿಗೆ ನಡೆಯಿಸಿಕೊಂಡು ಹೋಗುತ್ತೇವೆ. ಮೂಟೆ ತೂಗುವ ಹಲಗೆಯ ಮೇಲೆ ಅದು ತಾನಾಗಿಯೇ ಹತ್ತಿ ನಿಲ್ಲುತ್ತದೆ. ಗಿರಣಿಯವರು ಪ್ರತಿ ವಾರದ ತೂಕವನ್ನೂ ಸೀಮೆಸುಣ್ಣದಿಂದ ಬಾಗಿಲ ಹಲಗೆಯ ಮೇಲೆ ಬರೆದಿಡುತ್ತಾರೆ. ಕಳೆದ ವಾರ ಐವತ್ತೆರಡು ಕಿಲೋ ಆಗಿದ್ದಿತು. "ಇನ್ನೂ ಸ್ವಲ್ಪ ಹಾಕಿ ಸ್ವಾಮಿ, ಇಂಥ ಜಾತಿ ತುಂಬಿಕೊಂಡು ಕಾಣಬೇಡವೆ?" ಎಂದು ಅವರು ಎಂದಿನಂತೆ ಹೇಳಿದರು. ಜೊತೆಗೆ ಬಂದಿದ್ದ ತಾಯಿಯವರು ಬಗ್ಗಿ ಗೌರಿಯ ಮುಂಗಾಲನ್ನು ಮಣಿಕಟ್ಟಿನಿಂದ ಭುಜದವರೆಗೆ ಒಮ್ಮೆ ಸವರಿ, "ನೆಟ್ಟಗಿದೆಯಪ್ಪಾ, ನಡೆಯಿರಿ," ಎಂದು ಸರಪಳಿಯನ್ನು ತಮ್ಮ ಕೈಗೆ ತೆಗೆದುಕೊಂಡರು.